ಅರ್ಜಿಯಲ್ಲಿ ‘ಇಲ್ಲ’ ಅಂತ ಬರೆಸಬೇಡಿ

ಪ್ರಶ್ನೆ: ಜಗಳದಲ್ಲಿ ಒಬ್ಬರಿಗೆ ಗಾಯ ಮಾಡಿದ ಪ್ರಕರಣದಲ್ಲಿ ನನ್ನ ತಮ್ಮ ಧಾರವಾಡ ಜೈಲಿನಲ್ಲಿ ಮೂರು ವರ್ಷ ಶಿಕ್ಷೆ ಮುಗಿಸಿ ಬಂದು ಎರಡು ತಿಂಗಳಾಯಿತು. ಅವ್ವ ಓಣಿಯವರಿಗೆಲ್ಲ ‘ಗೋವಾದಾಗ ಕೆಲಸಕ್ಕಿದ್ದ’ ಎಂದೇ ಹೇಳಿದ್ದಾಳೆ. ಅವನು ಕತ್ತಲಾದ ಮೇಲಷ್ಟೇ ಹೊರಗೆ ಕಾಲಿಡುತ್ತಾನೆ. ಹುಬ್ಬಳ್ಳಿಯ ಫರ್ನಿಚರ್ ಕಾರ್ಖಾನೆಯೊಂದರ ಅರ್ಜಿಯಲ್ಲಿ ‘ಶಿಕ್ಷೆಯಾಗಿದೆಯೇ?’ ಎಂದು ಕೇಳಿದ್ದಾರೆ. ‘ಇಲ್ಲ’ ಅಂತ ಬರಿ ಅನ್ನುತ್ತಾಳೆ ಅವ್ವ. ಏನು ಮಾಡಲಿ?
– ಒಬ್ಬ ಅಕ್ಕ, ಗದಗ-ಬೆಟಗೇರಿ

ಅವ್ವನ ಸಂಕಟ ಅರ್ಥವಾಗುತ್ತದೆ. ಆದರೂ ‘ಇಲ್ಲ’ ಎಂದು ಬರೆಸಬೇಡಿ. ಪೊಲೀಸ್ ಪರಿಶೀಲನೆ ಮಾಡಿಸಿದರೆ ಪ್ರಕರಣ ದಾಖಲೆಯಲ್ಲಿ ಸಿಗುತ್ತದೆ. ಹಳೆಯ ತಪ್ಪಿನ ಮೇಲೆ ಹೊಸ ಸುಳ್ಳೂ ಬಿದ್ದು ಕೆಲಸ ಹೋಗುತ್ತದೆ. ಸರ್ಕಾರಿ ನೌಕರಿಯಲ್ಲಂತೂ ಮಾಹಿತಿ ಮುಚ್ಚಿಟ್ಟವರನ್ನು ತೆಗೆಯಬಹುದು ಎಂದು ಅವತಾರ್ ಸಿಂಗ್ ಪ್ರಕರಣದಲ್ಲಿ (2016) ಸುಪ್ರೀಂ ಕೋರ್ಟ್ ಹೇಳಿದೆ. ನಿಜ ಹೇಳಿದವರಿಗೂ ಕೆಲಸ ಕೊಡಲೇಬೇಕೆಂದಿಲ್ಲ, ಅದೂ ಗೊತ್ತಿರಲಿ.

ಪ್ರಶ್ನೆಯನ್ನು ಅಕ್ಷರ ಬಿಡದೆ ಓದಿ. ‘ಬಾಕಿ ಪ್ರಕರಣ ಇದೆಯೇ’ ಎನ್ನುವುದು ಬೇರೆ, ‘ಶಿಕ್ಷೆಯಾಗಿದೆಯೇ’ ಎನ್ನುವುದು ಬೇರೆ. ಕೇಳಿದ್ದಕ್ಕಷ್ಟೇ ಉತ್ತರಿಸಿದರೆ ಸಾಕು. ತೀರ್ಪಿನ ದೃಢೀಕೃತ ನಕಲು, ಜೈಲಿನ ಬಿಡುಗಡೆ ಪತ್ರ, ದಂಡ ಕಟ್ಟಿದ ರಸೀದಿ ಮೂರೂ ಒಂದೇ ಫೈಲಿನಲ್ಲಿರಲಿ. ನಕಲಿಗೆ ಶಿಕ್ಷೆ ಕೊಟ್ಟ ಕೋರ್ಟಿನಲ್ಲೇ ಪ್ರಕರಣದ ಸಂಖ್ಯೆ ಬರೆದು ಅರ್ಜಿ ಹಾಕಬೇಕು. ತೊಡಕಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಿ, ಸಹಾಯವಾಣಿ 15100.

ಅರ್ಜಿ ಕೊಡುವಾಗಲೇ ಮಾಲೀಕರಿಗೆ ಅವನೇ ಬಾಯಿಬಿಟ್ಟು ಹೇಳಲಿ: ‘ಸಾವ್ಕಾರ್ರ, ಜಗಳದಾಗ ಒಬ್ಬರಿಗೆ ಹೊಡದಿದ್ದೆ. ಶಿಕ್ಷಾ ಮುಗಿಸಿ ಬಂದೀನಿ, ಕಾಗದ ಇಲ್ಲೈತ್ರಿ. ಎಂಟು ದಿನ ನನ್ನ ಕೆಲಸ ನೋಡ್ರಿ.’ ಇಷ್ಟೇ. ಹೆಚ್ಚಿನವರು ಎಡವುವುದು ಇಲ್ಲೇ: ‘ನಂದೇನೂ ತಪ್ಪಿರಲಿಲ್ರಿ’ ಎಂದು ಜಗಳದ ಕಥೆ ಶುರುಮಾಡುತ್ತಾರೆ, ಕೇಳುವವರಿಗೆ ಇವನ ಸಿಟ್ಟು ಇನ್ನೂ ಆರಿಲ್ಲ ಅನಿಸುತ್ತದೆ. ಶಿಕ್ಷೆಯಾಗಿದೆ ಎಂದು ಪಗಾರ ಕಡಿಮೆ ಒಪ್ಪಿಕೊಳ್ಳುವುದೂ ಬೇಡ.

ಪೆಟ್ಟು ತಿಂದವರ ಮನೆಗೆ ಕ್ಷಮೆ ಕೇಳಲು ಅವನು ತಾನಾಗಿ ಹೋಗಬಾರದು. ಬೆದರಿಸಲು ಬಂದ ಎಂದು ದೂರು ದಾಖಲಾಗಬಹುದು. ಅವರಿಗೆ ಮನಸ್ಸಿದ್ದರೆ ಮಾತ್ರ, ಹಿರಿಯರೊಬ್ಬರ ಮೂಲಕ.

ಇನ್ನು ಗೋವಾ. ಆ ಸುಳ್ಳನ್ನು ಕಾಯುವ ಕೆಲಸವೇ ನಿಮ್ಮ ತಮ್ಮನನ್ನು ಮನೆಯೊಳಗೆ ಕಟ್ಟಿಹಾಕಿದೆ. ಯಾವ ಊರು, ಎಷ್ಟು ಪಗಾರ ಅಂತ ಯಾರಾದರೂ ಕೇಳಿದರೆ ಅವನೇನು ಹೇಳಬೇಕು? ಓಣಿಗೆಲ್ಲ ಸಾರಿಕೊಂಡು ಬರುವುದೇನೂ ಬೇಡ. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಜೋಳದ ಡಬ್ಬಿ ಹೊರಿಸಿ ಗಿರಣಿಗೆ ಕಳಿಸಿ, ಅವ್ವನೂ ಜೊತೆಗಿರಲಿ. ‘ಎಲ್ಲಿದ್ಯೋ ಇಷ್ಟ್ ದಿನಾ?’ ಎಂದು ಯಾರಾದರೂ ಕೇಳಿದರೆ, ‘ಧಾರವಾಡದಾಗ ಶಿಕ್ಷಾದಾಗಿದ್ದೆ, ಮುಗೀತ್ರಿ’ ಎಂದು ಅವನು ಹೇಳಲಿ. ಆಗ ಅವ್ವ ಅವನ ಪಕ್ಕದಿಂದ ಸರಿಯದೆ ನಿಂತಿದ್ದರೆ ಸಾಕು.