ಗುಹೆಗೆ ಲೈಟ್ ಯಾಕೆ, ಮಾಸ್ತರೇ?

ಜಗತ್ತಿನ ಗುಹೆಗಳ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಬಂದ ಲೇಖನ ಓದಿ ಶಿರಸಿಯ ನಿವೃತ್ತ ಮಾಸ್ತರರೊಬ್ಬರು ಎರಡು ಪುಟ ಬರೆದಿದ್ದಾರೆ. ಅದರ ಸಾರ ಇಷ್ಟು: "ಸ್ಲೊವೇನಿಯಾದ ಪೊಸ್ತೊಯ್ನಾ ಗುಹೆಯೊಳಗೆ ರೈಲೇ ಓಡುತ್ತದಂತೆ. ನಮ್ಮ ಯಾಣಕ್ಕೆ ಒಂದು ರೋಪ್‌ವೇ, ದಾಂಡೇಲಿ ಹತ್ತಿರದ ಕವಳಾ ಗುಹೆಯೊಳಗೆ ನಾಲ್ಕು ಬಣ್ಣದ ಲೈಟ್ ಹಾಕಲು ಏನು ಧಾಡಿ? 72 ವರ್ಷದ ನನ್ನ ಅಕ್ಕ ಇನ್ನೂ ಎರಡನ್ನೂ ನೋಡಿಲ್ಲ."

ಮಾಸ್ತರೇ, ಅಕ್ಕನವರ ಮಂಡಿನೋವು ನನಗೆ ಅರ್ಥವಾಗುತ್ತದೆ. ನನ್ನದೂ ಅದೇ ಕಥೆ. ಮೆಟ್ಟಿಲಿಗೆ ಒಂದು ಗಟ್ಟಿ ಕೈಪಟ್ಟಿ, ನಡುವೆ ಕೂರಲು ಎರಡು ಕಲ್ಲುಬೆಂಚು ಬೇಕು, ತಕರಾರಿಲ್ಲ. ಆದರೆ ಬಣ್ಣದ ಲೈಟ್ ಅಂದಿರಲ್ಲ, ಅಲ್ಲಿ ನಮಗೂ ನಿಮಗೂ ಜಗಳ.

ನಾನು ಏಳನೇ ಇಯತ್ತೆ ಮುಗಿಸಿದ ವರ್ಷ ಸೋದರಮಾವ ಕವಳಾ ಗುಹೆಗೆ ಕರೆದುಕೊಂಡು ಹೋಗಿದ್ದರು. ಬಗ್ಗಿ, ತೆವಳಿ, ಒಳಗಿನ ಲಿಂಗದ ಹತ್ತಿರ ಹೋದೆವು. ಮಾವ ಕಂದೀಲು ಊದಿ ಆರಿಸಿಬಿಟ್ಟರು! ಮೂಗಿನ ಮುಂದೆ ಹಿಡಿದ ಕೈ ಕಾಣಲಿಲ್ಲ. ಸೀಮೆಎಣ್ಣೆ ಬತ್ತಿಯ ವಾಸನೆ, ಮೇಲೆಲ್ಲೋ ಬಾವಲಿಯ ರೆಕ್ಕೆ. ಆಮೇಲೆ ಟಪ್ ಅಂತ ಒಂದು ಹನಿ. ಹೆದರಿಕೆಗೆ ಎಣಿಸತೊಡಗಿದೆ. ಒಂಬತ್ತಕ್ಕೆ ಮತ್ತೆ ಟಪ್. "ಲಿಂಗ ಕಟ್ಟೋ ಕೆಲಸ ನಡೀತಾ ಇದೆ, ಕೇಳಿಸ್ತಾ?" ಅಂದರು ಮಾವ.

ಅವರು ಓದಿದ್ದು ಕಡಿಮೆ, ಆದರೆ ಹೇಳಿದ್ದು ಪಕ್ಕಾ. ಮಣ್ಣಿನೊಳಗೆ ಇಳಿಯುವ ಮಳೆನೀರು ಅಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿ ತುಸು ಹುಳಿಯಾಗುತ್ತದೆ. ಸುಣ್ಣಕಲ್ಲನ್ನು ಕರಗಿಸಿಕೊಂಡು ಬಂದು, ಆ ಸುಣ್ಣವನ್ನು ಗುಹೆಯೊಳಗೆ ಹನಿಹನಿಯಾಗಿ ಬಿಟ್ಟುಹೋಗುತ್ತದೆ. ಹಾಗೆ ಕಟ್ಟುವ ಲಿಂಗ ಸಾಮಾನ್ಯವಾಗಿ ನೂರು ವರ್ಷಕ್ಕೆ ಒಂದು ಸೆಂಟಿಮೀಟರ್ ಬೆಳೆದರೆ ಜಾಸ್ತಿಯೇ ಆಯಿತು. ನಾವು ಕೈಯಿಂದ ಸವರಿದರೆ ಚರ್ಮದ ಜಿಡ್ಡು ಅಂಟಿ, ಅಲ್ಲಿ ಸುಣ್ಣ ಕೂರುವುದು ನಿಂತೇಹೋಗಬಹುದು.

ಪೊಸ್ತೊಯ್ನಾದಲ್ಲಿ 1872ರಿಂದ ರೈಲಿದೆ, 1884ರಿಂದ ಕರೆಂಟ್ ದೀಪವಿದೆ, ನಿಜ. ಆದರೆ ಗುಹೆಯೊಳಗೆ ದೀಪ ಹಾಕಿದಲ್ಲೆಲ್ಲ ಸುತ್ತ ಹಸಿರು ಪಾಚಿ ಹತ್ತುತ್ತದೆ, ಅದನ್ನು ತಿಕ್ಕಿ ತೆಗೆಯುವುದೇ ಒಂದು ಉದ್ಯೋಗ. ಫ್ರಾನ್ಸಿನ ಲಾಸ್ಕೋ ಕೇಳಿ. 1940ರಲ್ಲಿ ಹುಡುಗರ ಕಣ್ಣಿಗೆ ಬಿದ್ದ ಗುಹೆ. ಗೋಡೆ ತುಂಬ ಹದಿನೇಳು ಸಾವಿರ ವರ್ಷಗಳಷ್ಟು ಹಳೆಯ ಗೂಳಿ, ಕುದುರೆಗಳ ಚಿತ್ರ. 1948ರಲ್ಲಿ ಜನರಿಗೆ ಬಾಗಿಲು ತೆಗೆದರು. ದಿನಕ್ಕೆ ಸಾವಿರಕ್ಕೂ ಹೆಚ್ಚು ಜನ ನುಗ್ಗಿದರು. ಅವರ ಉಸಿರು, ಬೆವರು, ಮೇಲಿಂದ ದೀಪ. ಚಿತ್ರಗಳಿಗೆ ಪಾಚಿ ಹಿಡಿಯಿತು. 1963ರಲ್ಲಿ ಬೀಗ ಜಡಿದರು. ಈಗ ಹೋದವರಿಗೆ ಕಾಣುವುದು ನಕಲು ಗುಹೆ. ನಾವು ಕವಳಾದ ನಕಲು ಮಾಡಿ ಎಲ್ಲಿಡೋಣ, ಶಿರಸಿ ಬಸ್‌ಸ್ಟ್ಯಾಂಡಿನಲ್ಲಾ?

ವಿಯೆಟ್ನಾಂನ ಸೊನ್ ಡೂಂಗ್ ಗುಹೆಯ ಕಥೆಯಂತೂ ನನಗೆ ಬಹಳ ಇಷ್ಟ. ಹೊ ಖಾನ್ ಎಂಬ ಕಾಡಿನ ಅಂಚಿನ ಮನುಷ್ಯ ಮಳೆಗೆ ಮರೆ ಹುಡುಕುವಾಗ ಆ ಬಾಯಿ ಕಂಡ. ಆಮೇಲೆ ದಾರಿಯೇ ಮರೆತುಹೋಯಿತು! ಮತ್ತೆ ಹುಡುಕಿಕೊಟ್ಟ ಮೇಲೆ 2009ರಲ್ಲಿ ಬ್ರಿಟಿಷ್ ತಂಡ ಅಳೆಯಿತು. ಕೆಲವು ಕಡೆ ಎತ್ತರ 200 ಮೀಟರ್. ನಮ್ಮ ಯಾಣದ ಭೈರವೇಶ್ವರ ಶಿಖರ 120 ಮೀಟರ್, ಅದನ್ನು ಹಾಗೇ ಒಳಗೆ ನಿಲ್ಲಿಸಿದರೂ ಮೇಲೆ ಜಾಗ ಉಳಿಯುತ್ತದೆ. ಅಲ್ಲೂ 2014ರಲ್ಲಿ ರೋಪ್‌ವೇ ಮಾತು ಬಂತು. ಆ ದೇಶದ ಎಳೆಯರೇ ಬೇಡ ಅಂತ ದನಿ ಎತ್ತಿದರು. ಇನ್ನು ನ್ಯೂಜಿಲೆಂಡಿನ ವೈಟೊಮೊ. ಅಲ್ಲಿ ಚಾವಣಿ ತುಂಬ ಮಿನುಗುವ ಹುಳ. ಅದನ್ನು ನೋಡಬೇಕೆಂದರೆ ಲೈಟ್ ಆರಿಸಿ, ದೋಣಿಯಲ್ಲಿ ಬಾಯಿ ಮುಚ್ಚಿ ಕೂರಬೇಕು.

ಮಿನುಗು ಅಂದಾಗ ನೆನಪಾಯಿತು. ಮಳೆಗಾಲ ಹತ್ತಿರವಾದಾಗ ದೇವಿಮನೆ ಘಟ್ಟದಲ್ಲಿ ಮಿಂಚುಹುಳ ನೋಡಲು ಮೊಮ್ಮಗಳನ್ನು ಕರೆದೊಯ್ದಿದ್ದೆ. ಹಿಂದೆ ಬಂದ ಕಾರಿನವರು ಇಳಿದು, ಮೊಬೈಲ್ ಟಾರ್ಚ್ ಹಚ್ಚಿ ಹುಳ ಹುಡುಕಿದರು! ಸಮುದ್ರದಂಡೆಗೆ ಹೋದರೆ ಫ್ಲಡ್‌ಲೈಟ್, ಜಲಪಾತಕ್ಕೆ ಬಣ್ಣ, ಜಾತ್ರೆಗೆ ಡೀಜೆ. ಕತ್ತಲೆ ಅಂದರೆ ನಮಗೆ ಏನೋ ಕೊರತೆ, ಟೆಂಡರ್ ಕರೆದು ತುಂಬಿಸಬೇಕು.

"ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ" ಅನ್ನುತ್ತಿದ್ದರು ಹಿರಿಯರು. ಯಾಣದ ಮಟ್ಟಿಗೆ ಈಗ ಸೊಕ್ಕೂ ಬೇಡ, ರಸ್ತೆ ಹತ್ತಿರದವರೆಗೂ ಹೋಗುತ್ತದೆ. ಅಕ್ಕನವರನ್ನು ಮೊದಲು ಅಲ್ಲಿಗೆ ಕರೆದೊಯ್ಯಿರಿ. ರಕ್ತ ಹೀರುವ ಉಂಬಳ ಇಲ್ಲದ ಜನವರಿಯಲ್ಲಿ, ಬೆಳಿಗ್ಗೆ ಎಂಟಕ್ಕೇ. ಅವರ ಮಂಡಿ ಒಪ್ಪಿದರೆ ಮುಂದಿನ ಸಲ ಕವಳಾ. ಬ್ಯಾಟರಿ ಇರಲಿ, ಒಳಗೆ ಕೂತ ಮೇಲೆ ಎರಡು ನಿಮಿಷ ಆರಿಸಿ. ನನ್ನ ಒಂಬತ್ತು ಈಗ ಎಷ್ಟಾಗಿದೆ ಎಂದು ಎಣಿಸಿ ಬರೆಯಿರಿ. ಹೆಸರು ಕವಳಾ ಇದೆ ಅಂತ ಎಲೆಅಡಿಕೆಯ ಕವಳದ ಸಂಚಿಯನ್ನು ಮಾತ್ರ ಒಳಗೆ ಒಯ್ಯಬೇಡಿ, ಕಾರಿನಲ್ಲೇ ಇರಲಿ.

– ಸಂ.