ಹನ್ನೊಂದು ಮಕ್ಕಳಿಗೆ ಒಂದೇ ಪಾಠ ಸಾಲದು

ಪ್ರಶ್ನೆ: ನಮ್ಮದು ದೇವದುರ್ಗ ತಾಲ್ಲೂಕಿನ ಸರ್ಕಾರಿ ಶಾಲೆ. ಐದನೇ ತರಗತಿಯ 34 ಮಕ್ಕಳಲ್ಲಿ 11 ಮಂದಿಗೆ ಸರಿಯಾಗಿ ಓದಲು ಬರುವುದಿಲ್ಲ. ದಿನಾ ಸಂಜೆ ಒಂದು ತಾಸು ಪರಿಹಾರ ಬೋಧನೆ ಮಾಡಿದರೂ ಎರಡು ತಿಂಗಳಲ್ಲಿ ಸುಧಾರಣೆಯಿಲ್ಲ. ಎಲ್ಲಿ ತಪ್ಪುತ್ತಿದೆ?
– ಶಿಕ್ಷಕಿ, ರಾಯಚೂರು ಜಿಲ್ಲೆ

ಉತ್ತರ: ನಿಮ್ಮ ಶ್ರಮದಲ್ಲಿ ಕೊರತೆಯಿಲ್ಲ ಮೇಡಂ. ಹನ್ನೊಂದೂ ಮಕ್ಕಳನ್ನು ಒಟ್ಟಿಗೆ ಕೂರಿಸಿ ಅದೇ ಪಾಠ ಮತ್ತೆ ಹೇಳುತ್ತಿರುವುದೇ ತೊಡಕು. ಅವರೆಲ್ಲ ಒಂದೇ ಕಡೆ ಎಡವುತ್ತಿಲ್ಲ.

ಒಬ್ಬೊಬ್ಬರನ್ನೇ ಕರೆದು ಐದು ನಿಮಿಷ ಓದಿಸಿ. ಹತ್ತು ಅಕ್ಷರ, ಆಮೇಲೆ ‘ಮರ, ಬಸವ’, ಆಮೇಲೆ ‘ಗಾಳಿ, ಮೀನು, ಕೋಳಿ’, ಆಮೇಲೆ ‘ಹಗ್ಗ, ರಸ್ತೆ’, ಕೊನೆಗೆ ನಾಲ್ಕು ಸಾಲಿನ ಕತೆ. ಎಲ್ಲಿ ನಿಂತರೋ ಅಲ್ಲಿಂದಲೇ ಗುಂಪು ಮಾಡಿ. ‘ರಸ್ತೆ’ಯನ್ನು ‘ರಸೆ’ ಎಂದು ಓದುವ ಮಗುವಿನ ಕೈಲಿ ಮತ್ತೆ ಅ, ಆ ತಿದ್ದಿಸಿದರೆ ಅದಕ್ಕೆ ಅವಮಾನ, ನಿಮಗೆ ದಣಿವು. ಅದಕ್ಕೆ ಬೇಕಿರುವುದು ಒತ್ತಕ್ಷರ. ಅದರಲ್ಲೂ ಮೂಲ ಅಕ್ಷರವನ್ನೇ ಹೋಲುವ ಗ, ಡ, ಪ, ಬ ಒತ್ತುಗಳಿಂದ ಶುರು ಮಾಡಿ. ತ, ನ, ಮ, ಯ, ರ, ಲ ಒತ್ತುಗಳ ಆಕಾರವೇ ಬೇರೆಯಾದ್ದರಿಂದ ಮಕ್ಕಳು ಅಲ್ಲೇ ಹೆಚ್ಚು ಮುಗ್ಗರಿಸುತ್ತಾರೆ. ಅವನ್ನು ದಿನಕ್ಕೊಂದರಂತೆ ಕಲಿಸಿ.

ಗುಂಪಿನಲ್ಲಿ ಐದು ಮಕ್ಕಳಿಗಿಂತ ಹೆಚ್ಚು ಬೇಡ. ವಾರಕ್ಕೆ ನಾಲ್ಕು ದಿನ, ಅರ್ಧ ತಾಸು, ಆರರಿಂದ ಎಂಟು ವಾರ. ಸಂಜೆ ಮಕ್ಕಳು ದಣಿದಿರುತ್ತಾರೆ; ಉಳಿದವರು ತಾವೇ ಓದಿಕೊಳ್ಳುವ ಹೊತ್ತನ್ನು ಬಳಸಿ. ಆಟದ ಅವಧಿಯನ್ನು ಮಾತ್ರ ದಯವಿಟ್ಟು ಮುಟ್ಟಬೇಡಿ. ತರಗತಿಯ ಪಾಠಕ್ಕೂ ಅವರು ಕೂರಲೇಬೇಕು.

ಪ್ರತಿ ಶುಕ್ರವಾರ ಹೊಸ ಹತ್ತು ಪದ ಓದಿಸಿ, ಎಷ್ಟು ಸರಿ ಎಂದು ಬರೆದಿಡಿ. ಸತತ ಎರಡು ವಾರ ಎಂಟು ದಾಟಿದವರನ್ನು ಮುಂದಿನ ಹಂತಕ್ಕೆ ಕಳಿಸಿ. ಮೂರು ವಾರವಾದರೂ ಅಲ್ಲೇ ನಿಂತವರಿಗೆ ವಿಧಾನ ಬದಲಿಸಿ: ಒಂದಿಬ್ಬರೇ, ದಿನವೂ ಹದಿನೈದು ನಿಮಿಷ.

ಅದಕ್ಕೂ ಮೊದಲು ಕಣ್ಣು, ಕಿವಿ ತಪಾಸಣೆಯಾಗಿದೆಯೇ ನೋಡಿ. ಅಪ್ಪ ಅಮ್ಮನ ಜೊತೆ ಗುಳೆ ಹೋಗಿ ಬಂದ ಮಗುವಿಗೆ ತಪ್ಪಿದ್ದು ಪಾಠ, ಅದು ದಡ್ಡತನವಲ್ಲ. ಮನೆಯಲ್ಲಿ ತೆಲುಗು ಅಥವಾ ಲಂಬಾಣಿ ಮಾತಾಡುವ ಮಗುವಿಗೆ ಆ ಪದದ ಅರ್ಥ ಗೊತ್ತೇ ಎಂದು ಬಾಯಲ್ಲೇ ಕೇಳಿ.

ಇಷ್ಟಾದರೂ ಹಿಂದುಳಿದರೆ ನಿಮ್ಮ ಶುಕ್ರವಾರದ ದಾಖಲೆ ಹಿಡಿದು ನಿಮ್ಮ ತಾಲ್ಲೂಕಿನ ಬಿಐಇಆರ್‌ಟಿ ಶಿಕ್ಷಕರನ್ನು, ಅಂದರೆ ವಿಶೇಷ ಅಗತ್ಯವುಳ್ಳ ಮಕ್ಕಳ ಕಲಿಕೆಗೆ ನೆರವಾಗುವ ಸಂಪನ್ಮೂಲ ಶಿಕ್ಷಕರನ್ನು ಕಾಣಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಯ ಅಂಗವೈಕಲ್ಯಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ (ಓದು, ಬರಹ, ಲೆಕ್ಕದಂಥ ಕಲಿಕೆಯಲ್ಲಿನ ತೊಡಕು) ಇದೆ. ಅದನ್ನು ನಿರ್ಧರಿಸಬೇಕಾದವರು ತಜ್ಞರು. ಅಲ್ಲಿಯವರೆಗೆ ಪಾಲಕರ ಮುಂದೆ ಆ ಹೆಸರು ಎತ್ತಬೇಡಿ. ಜೂನ್‌ನಲ್ಲಿ ಆ ದಾಖಲೆಯನ್ನು ಆರನೇ ತರಗತಿಯ ಶಿಕ್ಷಕರ ಕೈಗೆ ಕೊಡಿ.