ನೆಲದಡಿಯ ಪೈಪಿನಲ್ಲಿ ಸೋರುವ ಜಾಗವನ್ನು ಸೆನ್ಸರ್ ಹಿಡಿಯುತ್ತಾ?

ಟ್ಯಾಂಕಿನಿಂದ ಬಿಟ್ಟ ನೀರಿಗೂ ಮನೆಗಳ ಮೀಟರಿಗೂ ತಾಳೆಯಾಗುತ್ತಿಲ್ಲ, ಸೆನ್ಸರ್ ತರಿಸಿದರೆ ಲೇಔಟ್‌ನಲ್ಲಿ ಎಲ್ಲಿ ಸೋರುತ್ತಿದೆ ಅಂತ ಗೊತ್ತಾಗುತ್ತಾ ಎಂದು ಕೇಳಿದ್ದೀರಿ. ನಾನು ಇದೇ ಕೆಲಸ ಮಾಡುವವನು. ಗೊತ್ತಾಗುತ್ತದೆ, ಆದರೆ ಮೊದಲು ಖರ್ಚಿಲ್ಲದ ಒಂದು ಕೆಲಸ ಮಾಡಿ.

ಎಲ್ಲರ ಸಂಪು ತುಂಬಿದ ಮೇಲೆ, ರಾತ್ರಿ 2ರಿಂದ 4ರ ನಡುವೆ, ಟ್ಯಾಂಕಿನ ಹೊರಪೈಪಿನ ಮೀಟರ್ ನೋಡಿ. ಆ ಹೊತ್ತಲ್ಲಿ ನಲ್ಲಿ ತಿರುಗಿಸುವವರು ಕಡಿಮೆ, ಅಲ್ವಾ? ಆಗಲೂ ಮೀಟರ್ ಜೋರಾಗಿ ಓಡುತ್ತಿದ್ದರೆ ಒಂದೊಂದೇ ಬೀದಿಯ ವಾಲ್ವ್ ಮುಚ್ಚುತ್ತಾ ಬನ್ನಿ. ಯಾವುದನ್ನು ಮುಚ್ಚಿದಾಗ ಓಟ ತಗ್ಗಿತೋ ಆ ಬೀದಿಗೆ ಸೆನ್ಸರ್ ತನ್ನಿ.

ಸೆನ್ಸರ್ ಕೇಳುವುದು ಸದ್ದು. ಒತ್ತಡದಲ್ಲಿರುವ ನೀರು ತೂತಿನಿಂದ ಹೊರಬರುವಾಗ ಸುಯ್ಯೆನ್ನುತ್ತದೆ, ಆ ಸದ್ದು ಪೈಪಿನುದ್ದಕ್ಕೂ ಎರಡೂ ಕಡೆ ಹರಿಯುತ್ತದೆ. ಎರಡು ವಾಲ್ವ್‌ಗಳಿಗೆ ಆಯಸ್ಕಾಂತದಿಂದ ಒಂದೊಂದು ಸೆನ್ಸರ್ ಅಂಟಿಸುತ್ತೇವೆ. ನಡುವೆ 100 ಮೀಟರ್ ಇದೆ ಅನ್ನಿ. ಕಬ್ಬಿಣದ ಪೈಪಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1200 ಮೀಟರ್ ಓಡುತ್ತದೆ. ಒಂದು ಕಡೆ 0.05 ಸೆಕೆಂಡ್ ಮೊದಲು ಕೇಳಿಸಿದರೆ ಎರಡು ದೂರಗಳ ವ್ಯತ್ಯಾಸ 60 ಮೀಟರ್. ಅಂದರೆ ತೂತು ಆ ಕಡೆಯಿಂದ 20 ಮೀಟರಿನಲ್ಲಿದೆ, ಇನ್ನೊಂದು ಕಡೆಯಿಂದ 80. ಇಷ್ಟೇ ಲೆಕ್ಕ.

ಲೆಕ್ಕ ಕೆಡುವುದು ಪೈಪಿನಿಂದ. ಒಮ್ಮೆ ಯಂತ್ರ ತೋರಿಸಿದ ಕಡೆ ಅಗೆಸಿದೆ, ಒಣ ಮಣ್ಣು! ನಕ್ಷೆಯಲ್ಲಿ ಪೂರ್ತಿ ಕಬ್ಬಿಣ ಅಂತಿತ್ತು. ಅಲ್ಲೇ ನಿಂತಿದ್ದ ಹಳೇ ನೀರುಗಂಟಿ, "ನಡುವೆ ಒಂದಷ್ಟು ಪಿವಿಸಿ ಹಾಕಿದೀವಲ್ಲ ಸಾರ್" ಅಂದರು. ಪಿವಿಸಿಯಲ್ಲಿ ಸದ್ದಿನ ಓಟ ಕಬ್ಬಿಣದ ಅರ್ಧದಷ್ಟೂ ಇರುವುದಿಲ್ಲ, ಬೇಗ ಅಡಗಿಯೂ ಹೋಗುತ್ತದೆ. ಈಗ ನಾನು ಅಗೆಸುವ ಮೊದಲು ಇಂಥವರನ್ನು ಹುಡುಕುತ್ತೇನೆ.

ಹಾಗಂತ ರಸ್ತೆ ಒದ್ದೆಯಾದ ಕಡೆ ಸುಮ್ನೆ ಅಗೆಯಬೇಡಿ. ನೀರು ಪೈಪ್ ಹೂತ ಸಡಿಲ ಮಣ್ಣಿನೊಳಗೇ ಹರಿದು ಎಲ್ಲೋ ಮೇಲೇಳುತ್ತದೆ. ಜಾಸ್ತಿ ಸದ್ದು ಮಾಡುವುದು ದೊಡ್ಡ ತೂತೇ ಆಗಬೇಕಿಲ್ಲ. ಪೈಪ್ ಒಡೆದು ಒತ್ತಡ ಬಿದ್ದುಹೋದರೆ ಸದ್ದೂ ಕುಗ್ಗುತ್ತದೆ.

ನಿಮ್ಮಲ್ಲಿ ದಿನ ಬಿಟ್ಟು ದಿನ ನೀರು ಬಿಡುವುದಾದರೆ, ಪೈಪ್ ಖಾಲಿ ಇದ್ದಾಗ ಸೆನ್ಸರಿಗೆ ಏನೂ ಕೇಳಿಸದು. ಪರೀಕ್ಷೆಯ ರಾತ್ರಿ ಲೈನ್ ತುಂಬಿಸಿ ಒತ್ತಡ ಇಟ್ಟಿರಬೇಕು. ಖಾಲಿ ಪೈಪಿಗೆ ಅದೇ ತೂತಿನಿಂದ ಚರಂಡಿ ನೀರೂ ಇಳಿಯಬಹುದು, ಆದ್ದರಿಂದ ರಿಪೇರಿ ಮುಂದೂಡಬೇಡಿ.

ಯಂತ್ರ ಕೊಳ್ಳಬೇಡಿ, ಒಂದು ಲೇಔಟ್‌ಗೆ ದಂಡ. ಒಂದು ರಾತ್ರಿಗೆ ಕರೆಸಿದರೆ ಸಾಕು. ನಿಮ್ಮದು ಯಾವ ಪೈಪ್, ವಾಲ್ವ್‌ಗಳ ನಡುವೆ ಎಷ್ಟು ದೂರ ಅಂತ ಬರೆಯಿರಿ, ಎಲ್ಲಿ ಅಂಟಿಸಬೇಕು ಹೇಳುತ್ತೇನೆ.